ಕಗ್ಗದ ಬೀಜವೂ ಔಷಧಕ್ಕೆ ಜಗ್ಗದ ದುಂಡಾಣುವೂ

(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಸೀಗಡಿ ಕೃಷಿಕರು, ಹೈನುಗಾರರು ಹಾಗೂ ಕೋಳಿ ಸಾಕುವವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಾನು ಹೇಳಬೇಕೆಂದಿರುವ ವಿಷಯ ಮೊದಲಿಗೆ ಆಸ್ಪತ್ರೆಯ ವಿಷಯದಂತೆ ಕೇಳಬಹುದು. ಔಷಧಕ್ಕೆ ಜಗ್ಗದ ದುಂಡಾಣುಗಳು ಎಲ್ಲಿಂದ ಬರುತ್ತವೆ, ಮೈಯ ರೋಗನಿರೋಧಕ ಶಕ್ತಿಯ ಕೈಗೂ ಸಿಗದೆ ಅವು ಹೇಗೆ ಬದುಕುತ್ತವೆ ಎಂಬುದೇ ಆ ವಿಷಯ. "ಇದನ್ನು ಡಾಕ್ಟರರಿಗೆ ಹೇಳಿ ಸಾಹೇಬ್ರೇ, ನಮಗೆ ಯಾಕೆ?" ಎಂದು ಹಿರಿಯರೊಬ್ಬರು ಬಾಗಿಲಲ್ಲಿಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಿಮ್ಮ ಗಜನಿ ಗದ್ದೆಯಲ್ಲಿಯೇ ಇದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಅಘನಾಶಿನಿಯ ದಂಡೆಯ ಗಜನಿಗಳಲ್ಲಿ ಮಳೆಗಾಲದಲ್ಲಿ ಕಗ್ಗ ಬೆಳೆಯುವುದು ನಿಮಗೆಲ್ಲ ತಿಳಿದದ್ದು. ಉಪ್ಪುನೀರು ನುಗ್ಗಿದರೆ ಬೇರೆ ಭತ್ತ ಸುಟ್ಟಂತಾಗುತ್ತದೆ, ಕಗ್ಗ ತಡೆಯುತ್ತದೆ. ಹಾಗಾದರೆ ಉಪ್ಪುನೀರು ಕಗ್ಗಕ್ಕೆ ಈ ಗುಣವನ್ನು ಕಲಿಸಿತೇ? ಇಲ್ಲ. ಹಿಂದೆ ಯಾವುದೋ ಕಾಲದಲ್ಲಿ ಬಿತ್ತಿದ ಭತ್ತದಲ್ಲಿ ಸಾವಿರಕ್ಕೊಂದು ಗಿಡಕ್ಕೆ ಹುಟ್ಟಿನಿಂದಲೇ ಆ ಗುಣವಿತ್ತು. ಉಪ್ಪುನೀರು ಉಳಿದವನ್ನೆಲ್ಲ ಕೊಂದಿತು, ಆ ಒಂದು ಉಳಿಯಿತು. ನಿಮ್ಮ ಹಿರಿಯರು ಅದರ ತೆನೆಯನ್ನು ಬೀಜಕ್ಕೆಂದು ತೆಗೆದಿಟ್ಟರು. ಉಪ್ಪು ಮಾಡಿದ್ದು ಆಯ್ಕೆಯ ಕೆಲಸ ಮಾತ್ರ.

ದುಂಡಾಣುಗಳ ಸಂಗತಿಯೂ ಇದೇ. ಒಂದು ಚಮಚ ಕೆರೆಯ ಕೆಸರಿನಲ್ಲಿ ನೂರಾರು ಕೋಟಿ ದುಂಡಾಣುಗಳಿರುತ್ತವೆ. ಅನುಕೂಲ ಸಿಕ್ಕಿದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಏಳು ಗಂಟೆಯಲ್ಲಿ ಒಂದೇ ಒಂದು ದುಂಡಾಣುವಿನ ಸಂತಾನ 20 ಲಕ್ಷ ಮೀರುತ್ತದೆ. ಪ್ರತಿ ಸಲ ಎರಡಾಗುವಾಗಲೂ ತನ್ನ ವಂಶವಾಹಿಗಳನ್ನೆಲ್ಲ ನಕಲು ಮಾಡಬೇಕು. ನಕಲು ಎಂದ ಮೇಲೆ ತಪ್ಪು ಇದ್ದೇ ಇದೆ. ಕೋಟಿಗೊಂದೋ ನೂರು ಕೋಟಿಗೊಂದೋ ತಪ್ಪು, ಅದೃಷ್ಟವಶಾತ್ ಎಂದು ದುಂಡಾಣುವಿನ ಪರವಾಗಿ ಹೇಳಬೇಕು, ಔಷಧವು ಹಿಡಿಯುವ ಜಾಗವನ್ನೇ ಬದಲಿಸಿಬಿಡುತ್ತದೆ. ಸ್ಟ್ರೆಪ್ಟೋಮೈಸಿನ್ನಿಗೆ ಜಗ್ಗದ ದುಂಡಾಣು ಹೀಗೂ ಹುಟ್ಟುತ್ತದೆ.

ಇದು ಬರೀ ಉಪಮೆಯಲ್ಲ. 1952ರಲ್ಲಿ ಅಮೆರಿಕದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು ಒಂದು ತುಂಡು ಮಖಮಲ್ಲು ಬಟ್ಟೆಯಿಂದ ಇದನ್ನು ತೋರಿಸಿಕೊಟ್ಟರು. ತಟ್ಟೆಯಲ್ಲಿ ಬೆಳೆದ ದುಂಡಾಣುಗಳ ಚುಕ್ಕೆಗಳ ಮೇಲೆ ಮಖಮಲ್ಲನ್ನು ಒತ್ತಿ, ಅದೇ ಬಟ್ಟೆಯನ್ನು ಔಷಧ ಬೆರೆಸಿದ ಬೇರೆ ತಟ್ಟೆಗಳ ಮೇಲೆ ಅಚ್ಚೊತ್ತಿದರು. ಔಷಧದ ತಟ್ಟೆಗಳಲ್ಲೆಲ್ಲ ಒಂದೇ ಸ್ಥಾನದಲ್ಲಿ ಚುಕ್ಕೆಗಳು ಬದುಕಿದ್ದವು. ಮೊದಲಿನ ತಟ್ಟೆಯಲ್ಲಿ ಅದೇ ಸ್ಥಾನದ ದುಂಡಾಣುಗಳನ್ನು ಹೆಕ್ಕಿ ಬೆಳೆಸುತ್ತ ಹೋದರೆ ಅವು ಔಷಧದ ಮುಖವನ್ನೇ ನೋಡದೆ ಜಗ್ಗದವಾಗಿದ್ದವು. ಇಂಥ ಕೆಲಸಕ್ಕೆ ದೊಡ್ಡ ಯಂತ್ರಗಳೇ ಬೇಕೆಂಬ ನಮ್ಮ ಭ್ರಮೆಗೆ ಈ ಮಖಮಲ್ಲಿನ ತುಂಡು ಒಳ್ಳೆಯ ಉತ್ತರ.

ಇನ್ನು ಕಗ್ಗದ ಉಪಮೆ ಎಲ್ಲಿ ಮುರಿಯುತ್ತದೆ ಎಂಬುದನ್ನು ದಯಮಾಡಿ ಗಮನವಿಟ್ಟು ಕೇಳಿ. ನಿಮ್ಮ ಕಗ್ಗ ತನ್ನ ಉಪ್ಪು ತಡೆಯುವ ಗುಣವನ್ನು ಪಕ್ಕದ ಬದುವಿನ ಹುಲ್ಲಿಗೆ ಕೊಡಲಾರದು. ದುಂಡಾಣು ಕೊಡುತ್ತದೆ! ದುಂಡಾಣುವಿನೊಳಗೆ ದೊಡ್ಡದೊಂದು ವಂಶವಾಹಿ ಸುರುಳಿಯಿದೆ. ಅದರ ಹೊರತಾಗಿ ಬಳೆಯಂಥ ಚಿಕ್ಕ ಚಿಕ್ಕ ಉಂಗುರಗಳು ಹಲವು ದುಂಡಾಣುಗಳಲ್ಲಿರುತ್ತವೆ. ಇವಕ್ಕೆ ಪ್ಲಾಸ್ಮಿಡ್ ಎಂದು ಹೆಸರು. ಒಂದು ದುಂಡಾಣು ಇನ್ನೊಂದಕ್ಕೆ ಸಣ್ಣ ಕೊಳವೆಯಂಥ ಎಳೆಯನ್ನು ಚಾಚಿ ಹತ್ತಿರಕ್ಕೆಳೆದು, ಈ ಬಳೆಯ ಒಂದು ನಕಲನ್ನು ದಾಟಿಸಿಬಿಡುತ್ತದೆ. ಕೊಡುವುದು ಒಂದು ಜಾತಿ, ಪಡೆಯುವುದು ಇನ್ನೊಂದು ಜಾತಿ ಆಗಿರಬಹುದು. ಒಂದೇ ಬಳೆಯ ಮೇಲೆ ನಾಲ್ಕೈದು ಔಷಧಗಳನ್ನು ತಡೆಯುವ ವಂಶವಾಹಿಗಳು ಸಾಲಾಗಿ ಪೋಣಿಸಿರಬಹುದು. ಒಂದು ಪೆನಿಸಿಲಿನ್ನನ್ನು ಕತ್ತರಿಸುವ ಕಿಣ್ವವನ್ನು ಮಾಡುತ್ತದೆ. ಇನ್ನೊಂದು ದೋಣಿಯೊಳಗೆ ಬಂದ ನೀರನ್ನು ಮೊಗೆದು ಹೊರಚೆಲ್ಲುವಂತೆ ಟೆಟ್ರಾಸೈಕ್ಲಿನ್ನನ್ನು ಹೊರಕ್ಕೆ ತಳ್ಳುತ್ತದೆ. ಮತ್ತೊಂದು ಕ್ಲೋರಾಂಫೆನಿಕಾಲಿಗೆ ಒಂದು ತುಂಡನ್ನು ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಹೀಗಾಗಿ ನೀವು ಯಾವ ಒಂದು ಔಷಧ ಹಾಕಿದರೂ ಇಡೀ ಬಳೆ ಉಳಿಯುತ್ತದೆ, ಉಳಿದ ಔಷಧಗಳಿಗೂ ಜಗ್ಗದ ಗುಣ ಪುಕ್ಕಟೆಯಾಗಿ ಬೆಳೆಯುತ್ತದೆ.

ಇದು ಮೊದಲು ಗೊತ್ತಾದದ್ದು ಜಪಾನಿನಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಆಮಶಂಕೆಯ ದುಂಡಾಣುಗಳು ಒಮ್ಮೆಲೇ ನಾಲ್ಕು ಔಷಧಗಳಿಗೆ ಜಗ್ಗದಾದವು. ಕರುಳಿನಲ್ಲಿ ನಿರುಪದ್ರವಿಯಾಗಿ ವಾಸಿಸುವ ಇ. ಕೋಲಿ ಎಂಬ ದುಂಡಾಣುವಿಗೂ ಆಮಶಂಕೆಯ ದುಂಡಾಣುವಿಗೂ ನಡುವೆ ಈ ಗುಣ ದಾಟುತ್ತದೆಂದು 1959ರಲ್ಲಿ ಅಲ್ಲಿಯ ವಿಜ್ಞಾನಿಗಳು ತೋರಿಸಿದರು.

ನಮ್ಮ ಕರಾವಳಿಗೆ ಬರೋಣ. ಇಲ್ಲಿಂದ ದಕ್ಷಿಣಕ್ಕೆ ಇದೇ ಸಮುದ್ರದ ದಂಡೆಯಲ್ಲಿರುವ ಕಲ್ಲಿಕೋಟೆಯಲ್ಲಿ 1972ರಲ್ಲಿ ವಿಷಮಶೀತ ಜ್ವರ, ಅಂದರೆ ಟೈಫಾಯಿಡ್, ಹಬ್ಬಿತು. ಆಗ ಟೈಫಾಯಿಡಿಗೆ ರಾಮಬಾಣವೆಂದರೆ ಕ್ಲೋರಾಂಫೆನಿಕಾಲ್. ಅದು ಕೆಲಸ ಮಾಡಲಿಲ್ಲ. ಪರೀಕ್ಷಿಸಿದಾಗ ಆ ಟೈಫಾಯಿಡ್ ದುಂಡಾಣುವಿನ ಗುಣ ದಾಟಬಲ್ಲಂಥದು, ಬಳೆಯ ಮೇಲಿನದು ಎಂದು ತಿಳಿಯಿತು. ಅದು ಪ್ರಾಣಿಗಳಿಂದಲೋ ಸೀಗಡಿ ಕೆರೆಯಿಂದಲೋ ಬಂದಿತೆಂದು ನಾನು ಹೇಳುತ್ತಿಲ್ಲ. ಈಗಿನ ಬಗೆಯ ಸೀಗಡಿ ಕೃಷಿ ಆಗ ನಮ್ಮಲ್ಲಿ ಇರಲೇ ಇಲ್ಲ. ನಾನು ಹೇಳುವುದಿಷ್ಟು: ಟೈಫಾಯಿಡ್ ದುಂಡಾಣುವಿಗೆ ಬದುಕುವ ಉಪಾಯಗಳು ಮೊದಲೇ ಇದ್ದವು. ಅದು ವಿ-ಕವಚ ಎಂಬ ಜಾರುವ ಹೊದಿಕೆಯನ್ನು ಹೊದೆಯುತ್ತದೆ. ಮೈಯ ಕಾವಲುಗಾರ ಕಣಗಳಿಗೆ ಆ ಹೊದಿಕೆಯಡಿ ಏನಿದೆಯೆಂದು ಬೇಗ ಗೊತ್ತಾಗುವುದಿಲ್ಲ. ನುಂಗಿದರೂ ಅದು ಆ ಕಣದೊಳಗೇ ಮನೆ ಮಾಡಿಕೊಳ್ಳುತ್ತದೆ. ಈ ಹೊದಿಕೆಯ ವಂಶವಾಹಿಗಳು ದೊಡ್ಡ ಸುರುಳಿಯಲ್ಲಿವೆ. ಔಷಧ ತಡೆಯುವ ವಂಶವಾಹಿಗಳು ಬಳೆಯಲ್ಲಿ ಹೊರಗಿನಿಂದ ಬರುತ್ತವೆ. ಎರಡೂ ಒಂದೇ ದುಂಡಾಣುವಿನಲ್ಲಿ ಕೂಡಿದಾಗ ಮೈಯೂ ಸೋಲುತ್ತದೆ, ಔಷಧವೂ ಸೋಲುತ್ತದೆ.

ಹೀಗೆ ಕೂಡಿದ್ದು ಅದೊಂದೇ ಸಲವಲ್ಲ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಕಾಣಿಸಿಕೊಂಡ ಟೈಫಾಯಿಡಿಗೆ ಬಾಯಿಯಿಂದ ಕೊಡುವ ಔಷಧಗಳಲ್ಲಿ ಅಜಿಥ್ರೋಮೈಸಿನ್ ಒಂದೇ ಉಳಿಯಿತು. ಆ ದುಂಡಾಣು ಹೊಸದಾಗಿ ಪಡೆದುಕೊಂಡಿದ್ದ ಬಳೆ, ಇ. ಕೋಲಿಯಲ್ಲಿ ಮೊದಲೇ ಕಂಡಿದ್ದ ಬಳೆಯನ್ನು ಬಹುವಾಗಿ ಹೋಲುತ್ತಿತ್ತು. ಇ. ಕೋಲಿ ಎಲ್ಲಿರುತ್ತದೆ? ನಿಮ್ಮ ಕರುಳಿನಲ್ಲಿ, ನಿಮ್ಮ ದನದ ಸಗಣಿಯಲ್ಲಿ, ಕೋಳಿ ಗೊಬ್ಬರದಲ್ಲಿ, ಮಳೆಗೆ ತೊಳೆದು ಹೋಗುವ ಹೊಳೆಯಲ್ಲಿ. ಕೊಟ್ಟಿಗೆಯ ವಿಷಯ ಮನೆಯ ಮಗುವಿನ ಜ್ವರದ ವಿಷಯವಾಗುವುದು ಹೀಗೆ. ಬಾಗಿಲಲ್ಲಿ ಕೇಳಿದ ಹಿರಿಯರಿಗೆ ನನ್ನ ಉತ್ತರ ಇದು.

ಈಗ ಸೀಗಡಿಯ ಮಾತು. 1994-95ರಲ್ಲಿ ಬಿಳಿಚುಕ್ಕೆ ರೋಗ ಭಾರತದ ಕರಾವಳಿಯನ್ನೆಲ್ಲ ನುಂಗಿದ್ದು ನಿಮ್ಮಲ್ಲಿ ಐವತ್ತು ದಾಟಿದವರಿಗೆ ನೆನಪಿರುತ್ತದೆ. ಅದು ನಂಜಾಣುವಿನಿಂದ ಬರುವ ರೋಗ. ನಂಜಾಣುವಿಗೆ ಆಂಟಿಬಯಾಟಿಕ್ ಏನೂ ಮಾಡದು. ಆದರೂ ಬೆಳೆ ಕಣ್ಣೆದುರಿಗೆ ಸಾಯುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಕೆರೆಗೆ ಸುರಿದವರಿದ್ದರು. ನಾನಾಗ ವಿಸ್ತರಣಾ ಕೆಲಸಕ್ಕೆ ಹೊಸಬ. ಸಾಲ ಮಾಡಿ ಮರಿ ಬಿಟ್ಟಿದ್ದ ಒಬ್ಬರು ಬಂಡಿನ ಮೇಲೆ ನಿಂತು ತಿಂಡಿಗೆ ಪುಡಿ ಬೆರೆಸುತ್ತಿದ್ದಾಗ ಪಕ್ಕದಲ್ಲಿಯೇ ಇದ್ದೆ. ಬೇಡವೆನ್ನಲು ಬಾಯಿ ಬರಲಿಲ್ಲ. ಬೇಡವೆಂದರೆ ಬೇರೇನು ಮಾಡಬೇಕೆಂದು ಹೇಳಲು ನನ್ನಲ್ಲೇನೂ ಇರಲಿಲ್ಲ, ಅದೇ ಕಾರಣ. ಹಾಕಿದ ಆಕ್ಸಿಟೆಟ್ರಾಸೈಕ್ಲಿನ್ನಿನ ಬಹುಪಾಲು ಸೀಗಡಿಯ ಮೈಗೆ ಹತ್ತದೆ ಕೆಸರಿಗಿಳಿಯುತ್ತದೆ, ಉಪ್ಪುನೀರಿನ ಮೆಗ್ನೀಷಿಯಂ ಅದನ್ನು ಹಿಡಿದು ಅದರ ಬಲ ಕುಗ್ಗಿಸುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದೆ. ಕೊಲ್ಲಲು ಸಾಲದ, ಆಯ್ಕೆ ಮಾಡಲು ಮಾತ್ರ ಸಾಲುವ ಪ್ರಮಾಣ. ಕಗ್ಗದ ಬೀಜ ಕಟ್ಟುವ ಹದವೆಂದರೆ ಅದೇ ತಾನೆ?

ಅದೇ ಕಾಲದಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಡಾ. ಇಂದ್ರಾಣಿ ಕರುಣಾಸಾಗರ್, ಡಾ. ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು ಸೀಗಡಿ ಮರಿ ಕೇಂದ್ರದ ಸಾವುಗಳನ್ನು ಅಭ್ಯಸಿಸುತ್ತಿದ್ದರು. 1994ರಲ್ಲಿ ಅವರು ಪ್ರಕಟಿಸಿದ ವರದಿ ನಮಗೆ ಬಹಳ ಮುಖ್ಯ. ಹುಲಿ ಸೀಗಡಿಯ ಮರಿಗಳನ್ನು ರಾಶಿ ರಾಶಿ ಕೊಂದದ್ದು ವಿಬ್ರಿಯೊ ಹಾರ್ವೆಯಿ ಎಂಬ ದುಂಡಾಣು. ಕತ್ತಲೆಯಲ್ಲಿ ತೊಟ್ಟಿ ನೀಲಿ-ಹಸಿರಾಗಿ ಮಿನುಗಿದರೆ ಅದರ ಗುಂಪು ಸೇರಿದೆ ಎಂದರ್ಥ; ಒಂಟಿಯಾಗಿದ್ದಾಗ ಅದು ಬೆಳಗುವುದಿಲ್ಲ, ಸಂಖ್ಯೆ ಹೆಚ್ಚಿ ಪರಸ್ಪರ ಸುಳಿವು ಸಿಕ್ಕಾಗ ಬೆಳಗುತ್ತದೆ. ಅವರು ಹಿಡಿದ ದುಂಡಾಣು ಕ್ಲೋರಾಂಫೆನಿಕಾಲ್, ಸ್ಟ್ರೆಪ್ಟೋಮೈಸಿನ್, ಎರಿಥ್ರೋಮೈಸಿನ್, ಕೋಟ್ರೈಮಾಕ್ಸಜೋಲ್ ನಾಲ್ಕಕ್ಕೂ ಜಗ್ಗಲಿಲ್ಲ. ಮುಂದೆ 1996ರಲ್ಲಿ ಅವರೇ ಇನ್ನೊಂದನ್ನು ತೋರಿಸಿದರು. ಸಿಮೆಂಟು, ಪ್ಲಾಸ್ಟಿಕ್, ಉಕ್ಕು ಇವುಗಳ ಮೇಲೆ ಈ ದುಂಡಾಣು ಲೋಳೆಯ ಪದರ ಕಟ್ಟಿಕೊಂಡು ಕೂರುತ್ತದೆ. ಪದರದೊಳಗಿನದು ಬಿಡಿಯಾಗಿ ಈಜುವುದಕ್ಕಿಂತ ಕ್ಲೋರಿನ್ನನ್ನೂ ಔಷಧವನ್ನೂ ಹೆಚ್ಚು ತಡೆಯುತ್ತದೆ. ನೀರು ಬದಲಿಸಿದರೂ ತೊಟ್ಟಿಯ ಗೋಡೆಯಿಂದ ರೋಗ ಮತ್ತೆ ಇಳಿದು ಬರುವುದಕ್ಕೆ ಇದೇ ಕಾರಣ.

ಸೀಗಡಿಗೆ ನಮ್ಮ ಹಾಗೆ ಪ್ರತಿಕಾಯಗಳಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ದನಕ್ಕೆ ಕಾಲುಬಾಯಿ ಬೇನೆಯ ಲಸಿಕೆ ಹಾಕಿದರೆ ಅದರ ಮೈ ನೆನಪಿಟ್ಟುಕೊಳ್ಳುತ್ತದೆ. ಸೀಗಡಿಯ ಮೈಗೆ ಅಂಥ ನೆನಪಿಲ್ಲ. ಅದರ ರಕ್ತಕಣಗಳು ಬಂದ ವೈರಿಯನ್ನು ನುಂಗಬೇಕು, ಇಲ್ಲವೇ ಸುತ್ತುಗಟ್ಟಿ ಕಪ್ಪಾಗಿಸಿ ಕೊಲ್ಲಬೇಕು. ಚಿಪ್ಪಿನ ಮೇಲೆ ಕಾಣುವ ಕಪ್ಪು ಕಲೆ ಆ ಕಾಳಗದ ಗುರುತು. ತಳದಲ್ಲಿ ಕೊಳೆ, ನೀರಿನಲ್ಲಿ ಪ್ರಾಣವಾಯು ಕಡಿಮೆ, ಮರಿ ದಟ್ಟ ಎಂದಾದರೆ ಈ ರಕ್ತಕಣಗಳೇ ಸೊರಗುತ್ತವೆ. ಅಂಥ ಸೀಗಡಿಗೆ ಯಾವ ಪುಡಿ ಹಾಕಿದರೂ ವ್ಯರ್ಥ.

"ಸಾಹೇಬ್ರೇ, ಎರಡು ಪಟ್ಟು ಹಾಕಿದ್ರೆ ಸಾಯೂದಿಲ್ವಾ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ನಕಲಿನ ತಪ್ಪಿನಿಂದ ಚೂರುಪಾರು ತಡೆಯುವ ದುಂಡಾಣುವಾದರೆ ಕೆಲವೊಮ್ಮೆ ಸತ್ತೀತು. ಕಿಣ್ವ ಮಾಡುವ ಬಳೆಯಿದ್ದರೆ ಎರಡಲ್ಲ, ಹತ್ತು ಪಟ್ಟಾದರೂ ಸಾಯದಿರಬಹುದು. ನಿಮ್ಮ ದುಡ್ಡು ಹತ್ತು ಪಟ್ಟು ಹೋಗುತ್ತದೆ. ಮಾಲು ಹಿಂದಕ್ಕೆ ಬರುವ ಭಯ ಬೇರೆ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಉಳಿಕೆ ಕಂಡರೆ ಯುರೋಪು ಸೀಗಡಿಯನ್ನು ಬಂದರಿನಲ್ಲಿಯೇ ತಡೆಯುತ್ತದೆ. 2002ರ ಸುಮಾರಿಗೆ ನಮ್ಮ ದೇಶದ ರಫ್ತುದಾರರು ಇದನ್ನು ಅನುಭವಿಸಿದರು. ಇವೆರಡೂ ಸೀಗಡಿ ಕೃಷಿಯಲ್ಲಿ ನಿಷಿದ್ಧ. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆಯಡಿಯ ನಿಯಮಗಳಲ್ಲಿ ನಿಷಿದ್ಧ ಔಷಧಗಳ ಪಟ್ಟಿಯೇ ಇದೆ.

ಹಾಗಾದರೆ ಏನು ಮಾಡಬೇಕು? ಹೊಸದೇನೂ ಇಲ್ಲ. ಬೆಳೆ ತೆಗೆದ ಮೇಲೆ ತಳ ಬಿರಿಯುವವರೆಗೆ ಒಣಗಿಸಿ. ಕಪ್ಪು ಕೆಸರನ್ನು ಕೆರೆದು ತೆಗೆದು ಬಂಡಿನಾಚೆ ಹಾಕಿ, ಬಂಡಿನ ಮೇಲೆ ಹಾಕಿದರೆ ಮಳೆಗೆ ಒಳಗೇ ಬರುತ್ತದೆ. ನಮ್ಮ ಗಜನಿ ಮಣ್ಣು ಹುಳಿ ಮಣ್ಣು. ಪರೀಕ್ಷೆ ಮಾಡಿಸಿ ಸುಣ್ಣ ಕೊಡಿ. ಪಿ.ಸಿ.ಆರ್. ಪರೀಕ್ಷೆಯಾದ ಮರಿಯನ್ನೇ ತನ್ನಿ, ದಟ್ಟವಾಗಿ ಬಿಡಬೇಡಿ. ಮಳೆಗಾಲದಲ್ಲಿ ಕಗ್ಗ, ಬೇಸಿಗೆಯಲ್ಲಿ ಸೀಗಡಿ ಎಂಬ ಹಳೆಯ ಪದ್ಧತಿಯಲ್ಲಿ ಒಂದು ಜಾಣತನವಿತ್ತು. ವಿಬ್ರಿಯೊ ಹಾರ್ವೆಯಿ ಉಪ್ಪು ಬೇಡುವ ಜೀವಿ. ನಾಲ್ಕು ತಿಂಗಳ ಸಿಹಿನೀರು ಅದಕ್ಕೆ ಒಗ್ಗದು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಕೆರೆಗೆ ಈ ಲಾಭವಿಲ್ಲ. ಮರಿ ಕೇಂದ್ರಗಳಿಗಾಗಿ ಮಂಗಳೂರಿನವರೇ ಇನ್ನೊಂದು ದಾರಿ ಹುಡುಕಿದ್ದಾರೆ. ದುಂಡಾಣುವನ್ನೇ ತಿನ್ನುವ ಫೇಜ್ ಎಂಬ ನಂಜಾಣುಗಳನ್ನು ತೊಟ್ಟಿಗೆ ಬಿಟ್ಟು 2006-07ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ, ಆಂಟಿಬಯಾಟಿಕ್ ಹಾಕಿದ ತೊಟ್ಟಿಗಿಂತ ಫೇಜ್ ಬಿಟ್ಟ ತೊಟ್ಟಿಯಲ್ಲಿ ಹೆಚ್ಚು ಮರಿಗಳು ಉಳಿದವು.

ಭಟ್ಕಳದ ಕೋಳಿ ಸಾಕುವವರಿಗೆ ಒಂದೇ ಮಾತು, ಆದರೆ ಗಟ್ಟಿಯಾದ ಮಾತು. ಕೊಲಿಸ್ಟಿನ್ ಎಂಬ ಔಷಧವನ್ನು ಹಿಂದೆ ಕೋಳಿ ಬೇಗ ತೂಕ ಬರಲೆಂದು ಆಹಾರದಲ್ಲಿ ಬೆರೆಸುತ್ತಿದ್ದರು. ಮನುಷ್ಯರಿಗೆ ಬೇರೆಲ್ಲ ಔಷಧ ಸೋತಾಗ ಕೊನೆಗೆ ಕೊಡುವುದು ಅದನ್ನೇ. 2015ರಲ್ಲಿ ಚೀನಾದ ಹಂದಿಗಳಲ್ಲಿ ಇದನ್ನು ತಡೆಯುವ, ಬಳೆಯ ಮೇಲೆ ಕುಳಿತು ದಾಟುವ ಎಂ.ಸಿ.ಆರ್.-1 ಎಂಬ ವಂಶವಾಹಿ ಸಿಕ್ಕಿತು. ಅದು ದುಂಡಾಣುವಿನ ಹೊರಗೋಡೆಯ ವಿದ್ಯುದಂಶವನ್ನು ಬದಲಿಸುತ್ತದೆ. ಕೊಲಿಸ್ಟಿನ್ ಅಂಟಿಕೊಳ್ಳಲು ಜಾಗ ಸಿಗದಂತಾಗುತ್ತದೆ. ನಮ್ಮ ಕಣ್ಣೀರು, ಜೊಲ್ಲು, ಕೋಳಿಮೊಟ್ಟೆಯ ಬಿಳಿ ಇವುಗಳಲ್ಲಿ ಲೈಸೋಜೈಮ್ ಎಂಬ ರಕ್ಷಕ ವಸ್ತುವಿದೆ. 2016ರಲ್ಲಿ ತಿಳಿದಂತೆ, ಇದೇ ವಂಶವಾಹಿ ಲೈಸೋಜೈಮಿನಿಂದಲೂ ದುಂಡಾಣುವನ್ನು ಕಾಯುತ್ತದೆ. ಔಷಧದ ವಿರುದ್ಧ ಬೆಳೆಸಿದ ಗುರಾಣಿ ಮೈಯ ವಿರುದ್ಧವೂ ಗುರಾಣಿಯಾಯಿತು. ಕೋಳಿಗಳ ರಕ್ತಕ್ಕೆ ಇಳಿಯುವ ಇ. ಕೋಲಿಯಲ್ಲಿಯೂ, ರಕ್ತದ ಕೊಲ್ಲುವ ಶಕ್ತಿಯನ್ನು ತಡೆಯುವ ವಂಶವಾಹಿ ಬಹಳ ಸಲ ಬಳೆಯ ಮೇಲೆಯೇ ಇರುತ್ತದೆ. ಅಂಥ ಬಳೆಗಳಲ್ಲಿ ಕೆಲವು ಔಷಧ ತಡೆಯುವ ವಂಶವಾಹಿಗಳನ್ನೂ ಹೊತ್ತಿರುತ್ತವೆ. ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ಆಹಾರದ ಪ್ರಾಣಿಗಳಿಗೆ, ಕೋಳಿಗಳಿಗೆ ಮತ್ತು ಜಲಕೃಷಿಗೆ ಕೊಲಿಸ್ಟಿನ್ನನ್ನು ನಿಷೇಧಿಸಿದೆ. ಹೆಸರಿಲ್ಲದ ಪೊಟ್ಟಣದಲ್ಲಿ "ಬೆಳವಣಿಗೆಯ ಪುಡಿ" ಎಂದು ಯಾರಾದರೂ ಕೊಟ್ಟರೆ ಒಳಗೇನಿದೆ ಎಂದು ಬರೆಸಿಕೊಂಡೇ ತೆಗೆದುಕೊಳ್ಳಿ.

ಗದ್ದೆಯ ಮಾತನ್ನೂ ಬಿಡುವಂತಿಲ್ಲ. ಭತ್ತದ ದುಂಡಾಣು ಅಂಗಮಾರಿಗೆ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಕೂಡಿಸಿದ ಪುಡಿಯನ್ನು ಸಿಂಪಡಿಸಲು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಸ್ಟ್ರೆಪ್ಟೋಮೈಸಿನ್ ಕ್ಷಯರೋಗದ ಔಷಧವೂ ಹೌದು. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೆಳೆಗಳಲ್ಲಿ ಇವೆರಡರ ಬಳಕೆಯನ್ನು ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ನನ್ನ ಹಳೆಯ ಸಲಹೆಯನ್ನು ಇಂದು ನಿಮ್ಮೆದುರಿಗೆ ಹಿಂತೆಗೆದುಕೊಳ್ಳುತ್ತೇನೆ. ರೋಗ ತಡೆಯುವ ತಳಿ, ಸಾರಜನಕದ ಮಿತಿ, ರೋಗದ ಗದ್ದೆಯ ನೀರು ಮುಂದಿನ ಗದ್ದೆಗೆ ಹರಿಯದಂತೆ ನೋಡಿಕೊಳ್ಳುವುದು, ಇವಿಷ್ಟನ್ನು ಬಿಡಬೇಡಿ.

ಕೊನೆಯದಾಗಿ ತಾಯಂದಿರ ವಿಷಯ, ಏಕೆಂದರೆ ಕೊಟ್ಟಿಗೆ ನೋಡುವವರು ಹೆಚ್ಚಾಗಿ ಅವರೇ. ಹೊನ್ನಾವರದ ಕಡೆಯ ಒಬ್ಬ ತಾಯಿ ಒಮ್ಮೆ ನನ್ನಲ್ಲಿ, "ಎರಡು ದಿನದಿಂದ ಹೆಪ್ಪು ಹಾಕಿದರೂ ಮೊಸರೇ ಆಗುತ್ತಿಲ್ಲ, ಯಾರ ದೃಷ್ಟಿಯೋ" ಎಂದರು. ದೃಷ್ಟಿಯಲ್ಲ. ಹಸುವಿಗೆ ಕೆಚ್ಚಲು ಬಾವಾಗಿ ಮೊಲೆಗೆ ಔಷಧ ಏರಿಸಿದ್ದರು. ಹಾಲಿನಲ್ಲಿ ಉಳಿದ ಔಷಧ ಹೆಪ್ಪಿನ ದುಂಡಾಣುಗಳನ್ನೇ ಕೊಂದಿತ್ತು. ಆ ಹಾಲನ್ನು ಮನೆಯ ಮಕ್ಕಳು ಕುಡಿದಿದ್ದರು, ಕರುವಿಗೂ ಕುಡಿಸಿದ್ದರು. ಕರುವಿನ ಕರುಳಿನಲ್ಲಿ ಜಗ್ಗದ ದುಂಡಾಣುಗಳ ಬೀಜಗದ್ದೆ ಸಿದ್ಧವಾಗುವುದು ಹೀಗೆ.

ಕೆಚ್ಚಲು ಬಾವಿನ ಮುಖ್ಯ ದುಂಡಾಣುಗಳಲ್ಲೊಂದು ಸ್ಟೆಫಿಲೋಕಾಕಸ್. ಅದರ ಚತುರತೆ ನೋಡಿ. ಪೆನಿಸಿಲಿನ್ ಕತ್ತರಿಸುವ ಕಿಣ್ವ ಅದರ ಬಳೆಯಲ್ಲಿದೆ. ಹಸುವಿನ ಪ್ರತಿಕಾಯ ಬಂದು ಹಿಡಿಯಬೇಕೆಂದರೆ, ತನ್ನ ಮೈಮೇಲಿನ ಪ್ರೋಟೀನ್-ಎ ಎಂಬ ಕೊಕ್ಕೆಯಿಂದ ಅದು ಪ್ರತಿಕಾಯದ ಬಾಲವನ್ನೇ ಹಿಡಿದು ತಲೆಕೆಳಗು ಮಾಡುತ್ತದೆ. ಕೆಚ್ಚಲಿನೊಳಗೆ ಲೋಳೆ ಪದರ ಕಟ್ಟುತ್ತದೆ, ಬಿಳಿ ರಕ್ತಕಣದೊಳಗೇ ಅಡಗುತ್ತದೆ. ಬಾವು ಇಳಿಯಿತೆಂದು ಎರಡನೇ ದಿನ ಔಷಧ ನಿಲ್ಲಿಸಿದರೆ ಅಡಗಿದ್ದು ಮತ್ತೆ ಏಳುತ್ತದೆ, ಈ ಸಲ ಔಷಧವನ್ನು ತಡೆದು ಉಳಿದ ಸಂತಾನವಾಗಿ. ಪಶುವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಚೀಟಿಯಲ್ಲಿ ಬರೆದಷ್ಟು ಅವಧಿಯ ಹಾಲನ್ನು ಡೈರಿಗೂ ಹಾಕಬೇಡಿ, ಕರುವಿಗೂ ಕೊಡಬೇಡಿ.

ಒಂದು ಸಮಾಧಾನದ ಸಂಗತಿಯೂ ಇದೆ. ಬಳೆ ಹೊರುವುದು ದುಂಡಾಣುವಿಗೆ ಹೊರೆ. ಔಷಧವಿಲ್ಲದಲ್ಲಿ ಹೊರೆಯಿಲ್ಲದವು ನಿಧಾನವಾಗಿ ಮುಂದಾಗುತ್ತವೆ. ನಮ್ಮ ದೇಶದಲ್ಲಿ ವೈದ್ಯರು ಟೈಫಾಯಿಡಿಗೆ ಕ್ಲೋರಾಂಫೆನಿಕಾಲ್ ಕೊಡುವುದನ್ನು ಬಹುಮಟ್ಟಿಗೆ ಬಿಟ್ಟ ಮೇಲೆ, ಅದಕ್ಕೆ ಜಗ್ಗುವ ಟೈಫಾಯಿಡ್ ದುಂಡಾಣುಗಳು ಮತ್ತೆ ಹೆಚ್ಚಾಗಿ ಕಾಣಿಸಿಕೊಂಡವು. ಎಲ್ಲ ಸಲವೂ ಹೀಗಾಗುವುದಿಲ್ಲ. ಹೊರೆಗೆ ಒಗ್ಗಿಕೊಂಡ ದುಂಡಾಣುಗಳೂ ಇವೆ.

ಹಸುವಿನ ಹಾಲಿನ ಮಾದರಿ ಪರೀಕ್ಷೆಗೆ ಕೊಡುವವರು ಔಷಧ ಏರಿಸುವ ಮೊದಲೇ ಹಿಂಡಬೇಕು, ಏರಿಸಿದ ಮೇಲೆ ತಂದರೆ ಪ್ರಯೋಜನವಿಲ್ಲ. ಮೊಲೆಯ ತುದಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಮೊದಲ ನಾಲ್ಕು ಧಾರೆ ಚೆಲ್ಲಿ, ಆಸ್ಪತ್ರೆಯಲ್ಲಿ ಕೊಟ್ಟ ಶುದ್ಧ ಶೀಸೆಯಲ್ಲಿಯೇ ಹಿಡಿಯಿರಿ. ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ತಲುಪಿಸಿ. ಯಾವ ಔಷಧಕ್ಕೆ ಜಗ್ಗುತ್ತದೆ ಎಂಬ ಉತ್ತರಕ್ಕೆ ಎರಡು-ಮೂರು ದಿನ ಬೇಕು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಭಟ್ಕಳದ ಬಸ್ಸು ಹಿಡಿಯಬೇಕಾದವರು ಮೊದಲು ಕೇಳಲಿ.